ಪಹಣಿಯಲ್ಲಿ ಯಾರ ಹೆಸರು?

ಮದುವೆ ಹೊತ್ತಿಗೆ ಮದುಮಗಳ ಮೈಮೇಲೆ ಅಡುಗೆಮನೆಯ ಏಪ್ರನ್, ಕಾಲಲ್ಲಿ ಹಳೇ ಷೂ. ಬಿಚ್ಚೋದಕ್ಕೇ ಮರೆತುಬಿಟ್ಟಿದ್ದಳು. 1909, ಅಮೆರಿಕದ ವಯೋಮಿಂಗ್, ಬರ್ನ್ಟ್ ಫೋರ್ಕ್ ಅನ್ನೋ ಊರು. ಆಕೆ ಎಲಿನೋರ್ ಪ್ರೂಯಿಟ್. ಡೆನ್ವರ್‌ನಲ್ಲಿ ಬಟ್ಟೆ ಒಗೆದು, ಮನೆಗೆಲಸ ಮಾಡಿ ಪುಟ್ಟ ಮಗಳನ್ನ ಸಾಕ್ತಿದ್ದವಳು. ಕ್ಲೈಡ್ ಸ್ಟೂವರ್ಟ್ ಅನ್ನೋ, ದನ ಸಾಕೋ ರ‍್ಯಾಂಚಿನವನ ಮನೆಗೆಲಸಕ್ಕೆ ಅಂತ ಬಂದು, ಕೆಲವೇ ವಾರದಲ್ಲಿ ಅವನನ್ನೇ ಕಟ್ಟಿಕೊಂಡಳು.

ಮೊದಲ ಗಂಡ ರೈಲು ಅಪಘಾತದಲ್ಲಿ ಹೋದ ಅಂತ ಹೇಳಿಕೊಳ್ತಿದ್ದಳು. ಆಗಿದ್ದದ್ದು ವಿಚ್ಛೇದನ ಅಂತ ಎಷ್ಟೋ ವರ್ಷದ ಮೇಲೆ ಸಂಶೋಧಕರು ದಾಖಲೆ ತೆಗೆದರು. ನಾನಂತೂ ಅವಳನ್ನ ಬೈಯಲ್ಲ. ವಿಧವೆ ಅಂದ್ರೆ 'ಅಯ್ಯೋ ಪಾಪ', ಗಂಡನ್ನ ಬಿಟ್ಟವಳು ಅಂದ್ರೆ 'ಏನಂತೆ ಸಮಾಚಾರ?' ಆ ಲೆಕ್ಕ ನಮಗೇನು ಹೊಸದಾ?

ನನಗೆ ಈ ಕಥೆ ಹಿಡಿಸಿದ್ದು ಮದುವೆಗಲ್ಲ, ಜಮೀನಿಗೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಸರ್ಕಾರಿ ಭೂಮಿ 160 ಎಕರೆವರೆಗೂ ಸಿಗ್ತಿತ್ತು, ಒಂಟಿ ಹೆಂಗಸರಿಗೂ. ಮುಖ್ಯ ಷರತ್ತು, ಅಲ್ಲೇ ವಾಸ ಇದ್ದು ಉಳಬೇಕು. ತಾಳಿಗೆ ಮುಂಚೆ ಅರ್ಜಿ (ಅಲ್ಲಿ ತಾಳಿ ಇಲ್ಲ, ಬಿಡಿ): ಮದುವೆಗೆ ಕೆಲವೇ ದಿನ ಮೊದಲು 147 ಎಕರೆಗೆ ತನ್ನ ಹೆಸರಲ್ಲಿ ಅರ್ಜಿ ಹಾಕಿದಳು. ಜಮೀನಿನ ತಾಪತ್ರಯ ನಾನೇ ನೋಡ್ಕೋತೀನಿ, ನಿನ್ನ ದುಡ್ಡು ಬೇಡ ಅಂತ ಕ್ಲೈಡ್ ಹತ್ತಿರ ಮಾತು ತಗೊಂಡೇ ಮದುವೆಯಾದದ್ದು ಅಂತ ಬರೀತಾಳೆ. ಅವಳ ಗಡಿ ಅವನ ಮನೆ ಪಕ್ಕದಲ್ಲೇ ಹಾದಿತ್ತು. ಅವನ ಮನೆಗೆ ಅಂಟಿಸಿ, ತನ್ನ ನೆಲದಲ್ಲಿ, ತನ್ನ ಮನೆ ಕಟ್ಟಿಸಿದಳು!

ಹುಲ್ಲು ಕೊಯ್ಯೋ ಕಾಲ. ಮೆಷಿನ್ ಓಡಿಸೋಕೆ ಆಳು ಸಿಗದೆ ಕ್ಲೈಡ್ ಊರೂರು ಅಲೀತಿದ್ದಾನೆ. ಇವಳಿಗೆ ಆ ಕೆಲಸ ಬರುತ್ತೆ, ಆದರೆ ಹೇಳಿದರೆ ಗಂಡ ಬೇಡ ಅಂತಾನೆ ಅನ್ನೋ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ. ಕುದುರೆ ಹೂಡಿ ಕೊಯ್ದೇಬಿಟ್ಟಳು. ಬರಿಗೈಲಿ ಬಂದ ಗಂಡ ಹಿಗ್ಗಿಹೋದ. ಪ್ರೀತಿ ಅಂದ್ರೆ ನನಗೆ ಆ ಹಿಗ್ಗು.

ಅವರ ಮೊದಲ ಗಂಡುಮಗು ಉಳೀಲಿಲ್ಲ. ಶವಪೆಟ್ಟಿಗೆ ಮಾಡಿದ್ದು ಕ್ಲೈಡ್. ಒಳಗೆ ಮೆತ್ತೆ ಹಾಕಿ, ಮೇಲೆ ಬಟ್ಟೆ ಹೊದಿಸಿದ್ದು ಅವಳು. ಇದರ ಬಗ್ಗೆ ನಾನು ಜಾಸ್ತಿ ಮಾತಾಡಲ್ಲ.

ಈಗ ನನ್ನ ತಕರಾರು. ಬಡ ಹೆಂಗಸರೇ, ಬನ್ನಿ, ನೆಲ ಹಿಡೀರಿ ಅಂತ ಡೆನ್ವರ್‌ನ ಹಳೇ ಯಜಮಾನಿಗೆ ಬರೆದ ಅವಳ ಕಾಗದಗಳು ಅಟ್ಲಾಂಟಿಕ್ ಮಂತ್ಲಿ ಪತ್ರಿಕೇಲಿ ಬಂದವು. ಯಾವಾಗ? 1913ರಲ್ಲಿ. ಅಷ್ಟರಲ್ಲಿ ಅವಳ ಹಕ್ಕೇ ಹೋಗಿತ್ತು. ಗಂಡ ಹೆಂಡತಿ ಒಟ್ಟಿಗಿದ್ದು ಎರಡು ಕಡೆ ವಾಸ ತೋರಿಸೋಕೆ ಕಾನೂನು ಬಿಡ್ತಿರಲಿಲ್ಲ. ಹಾಗಾಗಿ 1912ರಲ್ಲಿ ಬಿಟ್ಟುಕೊಟ್ಟಳು. ಹಿಡಿದದ್ದು ಯಾರು? ಅತ್ತೆ, ಕ್ಲೈಡ್‌ನ ತಾಯಿ!

ಮನೆಯವರ ಕೈತಪ್ಪಿ ಎಲ್ಲೂ ಹೋಗಲಿಲ್ಲವಲ್ಲ ಅಂತೀರಿ. ಹೌದು ಸ್ವಾಮಿ, ನಮ್ಮ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಾಗಲೂ ಇದೇ ಮಾತೇ ಹೇಳೋದು.