ಗಾಳಿಗೆ ಎದೆಯೊಡ್ಡಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಯುರೋಪಿನಲ್ಲಿ ಅಕ್ಟೋಬರ್ ಬಂತೆಂದರೆ ಮರಗಳು ಎಲೆ ಕಳಚತೊಡಗುತ್ತವೆ. ವೃತ್ತಿಪರ ಸೈಕಲ್ ಸವಾರರ ಪಾಲಿಗೆ ಅದು ವರ್ಷದ ದುಡಿಮೆಯ ಕೊನೆಯ ಕಂತು. ಮೇ ತಿಂಗಳಲ್ಲಿ ಇಟಲಿಯನ್ನು, ಜುಲೈಯಲ್ಲಿ ಫ್ರಾನ್ಸನ್ನು, ಅದಾದ ಮೇಲೆ ಸ್ಪೇನನ್ನು ಮೂರು ಮೂರು ವಾರ ಸುತ್ತಿ ಬಂದವರು, ಕಾಲಿನಲ್ಲಿ ಉಳಿದಿರುವ ಕಸುವನ್ನೆಲ್ಲ ಒಟ್ಟುಗೂಡಿಸಿಕೊಂಡು ಕೆಲವು ಒಂದು ದಿನದ ಸ್ಪರ್ಧೆಗಳಿಗೆ ಇಳಿಯುತ್ತಾರೆ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ತೀರ್ಮಾನ. ಇವತ್ತು ಸೋತರೆ ನಾಳೆ ಸರಿಪಡಿಸಿಕೊಳ್ಳುತ್ತೇನೆ ಎನ್ನುವಂತಿಲ್ಲ. ಫ್ರಾನ್ಸಿನ ಟೂರ್ ಎಂಬ ನಗರದಲ್ಲಿ ಮುಗಿಯುವ ಪ್ಯಾರಿಸ್–ಟೂರ್ ಅಂಥದ್ದೊಂದು. ಇಟಲಿಯ ಬೊಲೋನ್ಯಾ ನಗರದ ಬಳಿ ನಡೆಯುವ ಜಿರೋ ದೆಲ್ಲೆಮಿಲಿಯಾ ಇನ್ನೊಂದು. ಇವೆಲ್ಲಕ್ಕಿಂತ ಹೆಚ್ಚಿನ ಹೆಸರು ಪಡೆದು ನಿಂತಿರುವುದು, 1905ರಲ್ಲಿ ಆರಂಭವಾಗಿ ಇಂದಿಗೂ ಉತ್ತರ ಇಟಲಿಯ ಸರೋವರಗಳ ನಾಡಿನಲ್ಲಿ ನಡೆಯುತ್ತಿರುವ ಲೊಂಬಾರ್ದಿಯಾ ಸ್ಪರ್ಧೆ. ಇಟಲಿಯವರು ಅದನ್ನು ಉದುರೆಲೆಗಳ ಸ್ಪರ್ಧೆ ಎಂದೇ ಕರೆಯುತ್ತಾರೆ.

ಈ ಸ್ಪರ್ಧೆಗಳನ್ನು ಈಗ ನಮ್ಮ ಮಕ್ಕಳೂ ಮೊಬೈಲಿನಲ್ಲಿ ನೋಡುತ್ತಾರೆ. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಹುಡುಗ ಹುಡುಗಿಯರಿಗೆ ಸೈಕಲ್ ರೇಸ್ ಹೊಸದೇನಲ್ಲ. ರಾಷ್ಟ್ರಮಟ್ಟದ ಪದಕಗಳನ್ನು ತಂದ ನೆಲ ಅದು. ಬೆಳಗಿನ ಅಭ್ಯಾಸ ಮುಗಿಸಿ ಬಂದ ಮಕ್ಕಳು ನನ್ನನ್ನು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ. ‘ಯಾರ್ ಗೆದ್ದರ್ರಿ ಸರ್?’ ಮಕ್ಕಳೇ, ನೀವು ಇವತ್ತು ರೇಡಿಯೊ ಮುಂದೆ ಕುಳಿತಿದ್ದರೆ ದಯವಿಟ್ಟು ಗಮನವಿಟ್ಟು ಕೇಳಿ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಸೈಕಲ್ ಸ್ಪರ್ಧೆಯನ್ನು ನೋಡುವಾಗ ಮೊದಲು ಕೇಳಬೇಕಾದದ್ದು, ಗಾಳಿಗೆ ಎದೆಯೊಡ್ಡಿದವರು ಯಾರು ಎಂಬುದು. ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ನಾನು ಇಂದು ಆಕಾಶವಾಣಿಗೆ ಬಂದಿದ್ದೇನೆ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರ ಪೆಡಲಿಗೆ ಹಾಕುವ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆದರೆ ಅದೇ ಸವಾರ ಇನ್ನೊಬ್ಬನ ಹಿಂದಿನ ಗಾಲಿಗೆ ಒಂದು ಗೇಣು ಅಂತರ ಬಿಟ್ಟು ತನ್ನ ಮುಂದಿನ ಗಾಲಿಯನ್ನು ಇಟ್ಟುಕೊಂಡು ಹೋದರೆ, ಮುಂದಿನವನು ಸೀಳಿದ ದಾರಿಯಲ್ಲೇ ಇವನೂ ನುಸುಳುತ್ತಾನೆ. ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ಇದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ. ಹೆಸರು ಗೊತ್ತಿಲ್ಲದಿದ್ದರೂ ನಮ್ಮ ಕಡೆಯ ಪ್ರತಿಯೊಬ್ಬ ಶಾಲಾ ಬಾಲಕನಿಗೂ ಇದರ ಅನುಭವವಿದೆ. ಎದುರುಗಾಳಿಯಲ್ಲಿ ಏದುಸಿರು ಬಿಡುತ್ತ ಮನೆಗೆ ಹೊರಟವನಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಸಿಕ್ಕರೆ, ಅದರ ಹಿಂದೆ ಸೇರಿಕೊಂಡ ಕೂಡಲೇ ಕಿವಿಯಲ್ಲಿ ಭೋರ್ಗರೆಯುತ್ತಿದ್ದ ಗಾಳಿ ಥಟ್ಟನೆ ನಿಂತುಹೋಗುತ್ತದೆ, ಪೆಡಲು ತಾನಾಗಿಯೇ ತಿರುಗುತ್ತಿರುವಂತೆ ಅನಿಸುತ್ತದೆ. ನಾನೂ ಹುಡುಗನಾಗಿದ್ದಾಗ ಹಾಗೆ ಮಾಡಿದವನೇ. ಟ್ರ್ಯಾಕ್ಟರ್ ಒಮ್ಮೆಗೇ ನಿಂತರೆ ಪ್ರಾಣಕ್ಕೆ ಅಪಾಯ, ಆದ್ದರಿಂದ ಯಾರೂ ಹಾಗೆ ಮಾಡಬೇಡಿ. ಆದರೆ ಗಾಳಿ ನಿಂತುಹೋಗುವ ಆ ಕ್ಷಣವನ್ನು ನೆನಪಿನಲ್ಲಿಟ್ಟುಕೊಳ್ಳಿ, ಏಕೆಂದರೆ ಯುರೋಪಿನ ಈ ಮಹಾ ಸ್ಪರ್ಧೆಗಳೆಲ್ಲ ನಡೆಯುವುದು ಆ ಒಂದು ಗೇಣಿನ ಮರೆಗಾಗಿ.

ಒಂದೊಂದು ತಂಡದಲ್ಲಿ ಏಳು ಜನ ಇರುತ್ತಾರೆ. ಏಳು ಜನರೂ ಗೆಲ್ಲಲು ಬಂದಿರುವುದಿಲ್ಲ. ನಾಯಕನೊಬ್ಬನನ್ನು ಮರೆಯಲ್ಲಿಟ್ಟು ಕಾಪಾಡುತ್ತ, ಸರದಿಯ ಮೇಲೆ ಮುಂದೆ ನಿಂತು ಗಾಳಿಯನ್ನು ಸೀಳುವುದು, ಹಿಂದೆ ಬರುವ ತಂಡದ ಕಾರಿನ ತನಕ ಹಿಂದೆ ಸರಿದು ಅಂಗಿಯೊಳಗೆ ನೀರಿನ ಬಾಟಲಿಗಳನ್ನು ತುಂಬಿಕೊಂಡು ಮತ್ತೆ ಮುಂದೆ ಬರುವುದು, ನಾಯಕನ ಗಾಲಿ ಪಂಕ್ಚರ್ ಆದರೆ ತನ್ನ ಗಾಲಿಯನ್ನೇ ಬಿಚ್ಚಿ ಕೊಡುವುದು ಉಳಿದವರ ಕೆಲಸ. ಇಟಲಿಯಲ್ಲಿ ಇವರಿಗೆ ಗ್ರೆಗಾರಿಯೊ ಎಂದು ಹೆಸರು. ಹಿಂಡು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಮಾತು. ಗೆದ್ದವನ ಹೆಸರು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ಇವರ ಹೆಸರು ಕೆಳಗೆಲ್ಲೋ ನೂರನೆಯ ಸಾಲಿನಲ್ಲಿ ಬರುತ್ತದೆ. ಇದು ನನಗೆ ಇಂದಿಗೂ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಗಾಳಿಯ ಲೆಕ್ಕ ಎಷ್ಟು ನಿಷ್ಠುರವಾದದ್ದು ಎಂಬುದಕ್ಕೆ 1956ರ ಲೊಂಬಾರ್ದಿಯಾಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನನಗೆ ಅತ್ಯಂತ ಪ್ರಿಯವಾದ ಕಥೆ ಇದು, ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ.

ಆ ಕಾಲಕ್ಕೆ ಫೌಸ್ಟೊ ಕೊಪ್ಪಿ ಎಂದರೆ ಇಟಲಿಯ ಮನೆಮನೆಯ ಮಾತು. 1946ರಿಂದ 1949ರವರೆಗೆ ಸತತವಾಗಿ ನಾಲ್ಕು ಬಾರಿ, ಮತ್ತೆ 1954ರಲ್ಲಿ ಐದನೆಯ ಬಾರಿ ಈ ಸ್ಪರ್ಧೆಯನ್ನು ಅವರು ಗೆದ್ದಿದ್ದರು. 1956ರ ಹೊತ್ತಿಗೆ ಅವರಿಗೆ 37 ವರ್ಷ. ಮೈಯಲ್ಲಿ ಹಿಂದಿನ ಕಸುವು ಉಳಿದಿರಲಿಲ್ಲ. ಆರನೆಯ ಗೆಲುವಿಗೆ ಬಹುಶಃ ಇದೇ ಕೊನೆಯ ಅವಕಾಶ ಎಂಬುದು ಅವರಿಗೂ ಗೊತ್ತಿತ್ತು, ರಸ್ತೆಯ ಅಕ್ಕಪಕ್ಕ ನಿಂತ ಜನರಿಗೂ ಗೊತ್ತಿತ್ತು. ಕೊಪ್ಪಿ ದಿಯೆಗೊ ರೊಂಕೀನಿ ಎಂಬ ಯುವಕನೊಡನೆ ಗುಂಪಿನಿಂದ ತಪ್ಪಿಸಿಕೊಂಡು ಮುಂದೆ ಹೋದರು. ಮುಂದಿರುವುದು ಮಿಲಾನ್ ನಗರದ ತನಕ ಬಯಲು ದಾರಿ. ಸ್ಪರ್ಧೆ ಮುಗಿಯುವುದು ವಿಗೊರೆಲ್ಲಿ ವೆಲೋಡ್ರೋಮಿನ, ಅಂದರೆ ಸೈಕಲ್ ಓಟದ ಕ್ರೀಡಾಂಗಣದ, ಮರದ ಹಾಸಿನ ಮೇಲೆ; 1942ರಲ್ಲಿ ಅದೇ ಹಾಸಿನ ಮೇಲೆ ಕೊಪ್ಪಿ ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಸಾಗಿದ ವಿಶ್ವದಾಖಲೆ ಮಾಡಿದ್ದರು. ಹಳೆಯ ವೀರನಿಗೆ ಹಳೆಯ ಅಂಗಳದಲ್ಲೇ ಜಯಮಾಲೆ ಎಂದು ಎಲ್ಲರೂ ನಂಬಿದ್ದರು.

ಹಿಂದಿನ ಗುಂಪಿನಲ್ಲಿ ಫಿಯೊರೆಂಜೊ ಮಾನ್ಯಿ ಇದ್ದರು. ಈ ಮನುಷ್ಯ ಎಂಥವರು ಎಂದು ತಿಳಿಯದೆ ಕಥೆ ಅರ್ಥವಾಗುವುದಿಲ್ಲ. ಅದೇ ವರ್ಷದ ಇಟಲಿ ಸುತ್ತಿನಲ್ಲಿ ಬಿದ್ದು ಅವರ ಎಡಭುಜದ ಕೊರಳೆಲುಬು ಮುರಿದಿತ್ತು. ಎಡಗೈಯಿಂದ ಹ್ಯಾಂಡಲನ್ನು ಎಳೆಯಲು ಆಗುತ್ತಿರಲಿಲ್ಲ. ಬೊಲೋನ್ಯಾದ ಸಾನ್ ಲೂಕಾ ಗುಡ್ಡದ ಏರಿನಲ್ಲಿ ಅವರು ಟೈರಿನ ಒಳಗಿನ ಟ್ಯೂಬೊಂದನ್ನು ಹ್ಯಾಂಡಲಿಗೆ ಕಟ್ಟಿ, ಅದರ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತ ಹತ್ತಿದರು. ಆ ಚಿತ್ರ ಇಂದಿಗೂ ಉಳಿದಿದೆ: ಬಿಗಿದ ದವಡೆ, ಬಾಯಿಂದ ಹ್ಯಾಂಡಲಿನವರೆಗೆ ಸೆಟೆದು ನಿಂತ ರಬ್ಬರ್ ಟ್ಯೂಬು. ಮುಂದೆ ಮತ್ತೊಮ್ಮೆ ಬಿದ್ದರೂ ಬಿಡದೆ ಆ ಇಡೀ ಸುತ್ತಿನಲ್ಲಿ ಎರಡನೆಯ ಸ್ಥಾನ ಪಡೆದರು. ಅದು ಅವರ ವೃತ್ತಿಜೀವನದ ಕೊನೆಯ ವರ್ಷವೂ ಆಗಿತ್ತು.

ಕೊಪ್ಪಿಯವರ ಸಂಗಾತಿ ಜೂಲಿಯಾ ಒಕ್ಕೀನಿ ಆ ದಿನ ಕಾರಿನಲ್ಲಿ ಸ್ಪರ್ಧೆಯ ಜೊತೆ ಬರುತ್ತಿದ್ದರು. ಇಬ್ಬರೂ ಬೇರೆ ಬೇರೆ ಮದುವೆಯಾಗಿದ್ದವರು. ಅವರ ಸಂಬಂಧದ ಬಗ್ಗೆ ಇಡೀ ಇಟಲಿ ಪಿಸುಗುಟ್ಟುತ್ತಿತ್ತು, ನ್ಯಾಯಾಲಯದ ತನಕವೂ ವಿಷಯ ಹೋಗಿತ್ತು. ಮಾನ್ಯಿ ನಂತರದ ವರ್ಷಗಳಲ್ಲಿ ಹೇಳಿದಂತೆ, ಆಕೆಯ ಕಾರು ತಮ್ಮನ್ನು ದಾಟಿ ಹೋಗುವಾಗ ಆಕೆ ಕಿಟಕಿಯಿಂದ ಒಂದು ಅಣಕದ ಸನ್ನೆ ಮಾಡಿದರು: ನೋಡು, ನನ್ನವನು ಮುಂದಿದ್ದಾನೆ, ನೀನು ಇಲ್ಲೇ ಇದ್ದೀಯೆ ಎಂಬಂತೆ. ಅಷ್ಟೇ ಸಾಕಾಯಿತು. ಮಾನ್ಯಿಯವರ ಮೈಯೆಲ್ಲ ಉರಿಯಿತು. ಅಲ್ಲಿಯವರೆಗೆ ಸುಮ್ಮನಿದ್ದವರು ಗುಂಪಿನ ಮುಂದಕ್ಕೆ ಬಂದು, ತಲೆ ತಗ್ಗಿಸಿ, ಬಯಲಿನ ಗಾಳಿಗೆ ಎದೆಯೊಡ್ಡಿದರು. ಹಿಂದೆ ಕುಳಿತವರು ಗಾಲಿಗೆ ಗಾಲಿ ಹಚ್ಚಿಕೊಂಡು ಹಿಂಬಾಲಿಸಿದರು. ಕಿಲೋಮೀಟರಿನ ಮೇಲೆ ಕಿಲೋಮೀಟರ್ ಮಾನ್ಯಿ ಬಿಡಲಿಲ್ಲ. ಮುಂದಿದ್ದ ಇಬ್ಬರ ಅಂತರ ಕರಗುತ್ತ ಕರಗುತ್ತ, ಮಿಲಾನ್ ಹತ್ತಿರವಾಗುವಷ್ಟರಲ್ಲಿ ಇಲ್ಲವೇ ಆಯಿತು.

ಈಗ ವೆಲೋಡ್ರೋಮಿನ ಒಳಗೆ ಬನ್ನಿ. ಸಾವಿರಾರು ಜನ ಕೊಪ್ಪಿ, ಕೊಪ್ಪಿ ಎಂದು ಕೂಗುತ್ತಿದ್ದಾರೆ. ಕೊಪ್ಪಿ ಗೆರೆಯತ್ತಣ ಕೊನೆಯ ವೇಗದ ಓಟವನ್ನು ಬೇಗನೆ ಆರಂಭಿಸಿ ಮುಂದೆ ಬರುತ್ತಾರೆ. ಗೆರೆ ಇನ್ನೇನು ಸಿಕ್ಕಿತು ಎನ್ನುವಾಗ ಪಕ್ಕದಿಂದ ಫ್ರಾನ್ಸಿನ ಆಂದ್ರೆ ದಾರಿಗಾದ್ ಎಂಬ ವೇಗದ ಸವಾರ ಕೂದಲೆಳೆಯ ಅಂತರದಲ್ಲಿ ಮುಂದಾಗಿಬಿಡುತ್ತಾನೆ. ದಾರಿಗಾದ್ ಮೊದಲು, ಕೊಪ್ಪಿ ಎರಡನೆಯವರು, ಮಾನ್ಯಿ ಮೂರನೆಯವರು. ಕೊಪ್ಪಿ ಮಗುವಿನಂತೆ ಅತ್ತರು. ಮತ್ತೆಂದೂ ಅವರು ಲೊಂಬಾರ್ದಿಯಾವನ್ನು ಗೆಲ್ಲಲಿಲ್ಲ.

ಜನ ಈ ಕಥೆಯನ್ನು ಹೆಣ್ಣಿನ ಕಥೆಯಾಗಿ ಹೇಳುತ್ತಾರೆ, ಸಿಟ್ಟಿನ ಕಥೆಯಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದು ಗಾಳಿಯ ಕಥೆ. ಕೊಪ್ಪಿ ಮುಂದೆ ಗಾಳಿ ಕುಡಿದು ಬಳಲಿದರು, ಮಾನ್ಯಿ ಹಿಂದೆ ಗಾಳಿ ಕುಡಿದು ಬಳಲಿದರು. ಅಷ್ಟು ದೂರವೂ ಇನ್ನೊಬ್ಬರ ಮರೆಯಲ್ಲಿ ಕುಳಿತು ಬಂದ ದಾರಿಗಾದ್‌ನ ಕಾಲುಗಳಲ್ಲಿ ಕೊನೆಯ ಇನ್ನೂರು ಮೀಟರಿಗೆ ಬೇಕಾದಷ್ಟು ಉಳಿದಿತ್ತು. ದಾರಿಗಾದ್ ಮಾಡಿದ್ದು ಮೋಸವಲ್ಲ, ಅದೇ ಈ ಕ್ರೀಡೆಯ ವಿದ್ಯೆ. ಆದರೆ ಬರೀ ಫಲಿತಾಂಶದ ಪಟ್ಟಿ ಓದಿದವರಿಗೆ ಆ ದಿನ ನಡೆದದ್ದು ಒಂದಿಷ್ಟೂ ತಿಳಿಯುವುದಿಲ್ಲ.

ಸಮಯ ಓಡುತ್ತಿದೆ, ಹೇಳಬೇಕೆಂದಿದ್ದ ಇನ್ನುಳಿದ ವಿಷಯಗಳನ್ನು ಬೇಗ ಬೇಗ ಮುಗಿಸುತ್ತೇನೆ. ಹಾಗಿದ್ದರೆ ತದೇಯ್ ಪೊಗಾಚರ್ ಒಬ್ಬನೇ ಹೋಗಿ ಗೆಲ್ಲುವುದು ಹೇಗೆ ಎಂದು ನೀವು ಕೇಳಬಹುದು. ಸ್ಲೊವೇನಿಯಾದ ಈ ಸವಾರ 2021ರಿಂದ 2025ರವರೆಗೆ ಸತತ ಐದು ಬಾರಿ ಲೊಂಬಾರ್ದಿಯಾ ಗೆದ್ದು ಕೊಪ್ಪಿಯವರ ಐದು ಗೆಲುವುಗಳಿಗೆ ಸರಿಗಟ್ಟಿದ್ದಾನೆ. ಸತತವಾಗಿ ಐದು ಬಾರಿ ಗೆದ್ದವರು ಅವನ ಹೊರತು ಯಾರೂ ಇಲ್ಲ. 2024ರಲ್ಲಿ ಗುರಿ ಇನ್ನೂ 48 ಕಿಲೋಮೀಟರ್ ಇರುವಾಗ ಸೊರ್ಮಾನೊ ಏರಿನಲ್ಲಿ ಎಲ್ಲರನ್ನೂ ಬಿಟ್ಟು ಹೊರಟು, ಎರಡನೆಯವನಾದ ರೆಮ್ಕೊ ಎವೆನೆಪೂಲ್‌ಗಿಂತ ಮೂರು ನಿಮಿಷಕ್ಕೂ ಹೆಚ್ಚು ಮೊದಲೇ, ಆ ವರ್ಷ ಸ್ಪರ್ಧೆ ಮುಗಿದ ಕೊಮೊ ನಗರ ತಲುಪಿದ. ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುವುದು ಆ ಕೊನೆಯ ಒಂದು ಗಂಟೆಯನ್ನು ಮಾತ್ರ. ಅದಕ್ಕೂ ಮೊದಲಿನ ಸುಮಾರು 200 ಕಿಲೋಮೀಟರ್ ಅವನ ತಂಡದವರು ಅವನನ್ನು ಮರೆಯಲ್ಲಿಟ್ಟು ತಂದದ್ದನ್ನು ಏಕೆ ನೋಡುವುದಿಲ್ಲ? ಏರಿನಲ್ಲಿ ವೇಗ ಕಡಿಮೆಯಾಗುವುದರಿಂದ ಗಾಳಿಯ ಮರೆಯ ಲಾಭವೂ ಕಡಿಮೆಯಾಗುತ್ತದೆ. ಅವನು ಹೊರಡುವುದಕ್ಕೆ ಏರನ್ನೇ ಆರಿಸಿಕೊಂಡದ್ದು ಅದಕ್ಕಾಗಿ. ಅವನೂ ಗಾಳಿಯ ಲೆಕ್ಕ ಬಲ್ಲವನೇ.

ಪ್ಯಾರಿಸ್–ಟೂರ್‌ನದು ಇದಕ್ಕೆ ವಿರುದ್ಧವಾದ ನೆಲ. 1896ರಲ್ಲಿ ಆರಂಭವಾದ ಈ ಸ್ಪರ್ಧೆಯ ದಾರಿ ಬಹುಕಾಲ ಬಹುಪಾಲು ಸಮತಟ್ಟಾಗಿತ್ತು. ಬೆನ್ನ ಹಿಂದಿನಿಂದ ಗಾಳಿ ಬೀಸಿದ ವರ್ಷ ಸ್ಪರ್ಧೆ ಬಾಣದಂತೆ ಹೋಗುತ್ತದೆ. 2015ರಲ್ಲಿ ಮತ್ತೆಯೊ ತ್ರೆಂತಿನ್ ಗೆದ್ದಾಗ ಸರಾಸರಿ ವೇಗ ಗಂಟೆಗೆ 49.6 ಕಿಲೋಮೀಟರ್. ಪಕ್ಕದಿಂದ ಗಾಳಿ ಬೀಸಿದರೆ ಬೇರೆಯೇ ನೋಟ. ಆಗ ನೇರ ಹಿಂದೆ ನಿಂತರೆ ಮರೆ ಸಿಗುವುದಿಲ್ಲ, ಓರೆಯಾಗಿ ನಿಲ್ಲಬೇಕು. ರಸ್ತೆಯ ಅಗಲಕ್ಕೆ ಹತ್ತು ಹನ್ನೆರಡು ಜನರ ಓರೆಸಾಲು ತುಂಬಿದ ಮೇಲೆ ಅವರ ನಂತರ ಬಂದವನಿಗೆ ಜಾಗವಿಲ್ಲ. ಅವನು ರಸ್ತೆಯಂಚಿನಲ್ಲಿ ಗಾಳಿಗೆ ಬರಿಮೈಯಾಗಿ ಸಿಕ್ಕು ಹಿಂದೆ ಬೀಳುತ್ತಾನೆ. ವಿಜಯಪುರದ ಬಯಲಿನಲ್ಲಿ ಅಭ್ಯಾಸ ಮಾಡುವ ಮಕ್ಕಳು ಈ ಓರೆಸಾಲನ್ನು ಕಲಿಯಲೇಬೇಕು. ಇದರ ಬಗ್ಗೆ ಬೇರೊಂದು ಭಾಷಣವನ್ನೇ ಮಾಡಬಹುದು.

ಲೊಂಬಾರ್ದಿಯಾದ ದಾರಿಯಲ್ಲಿ ಕೊಮೊ ಸರೋವರದ ದಡದಲ್ಲಿ ಬೆಲ್ಲಾಜಿಯೊ ಎಂಬ ಊರಿದೆ. ಅಲ್ಲಿಂದ ಹೊರಟ ಏರು ಮುಗಿಯುವ ಜಾಗ, ಸಮುದ್ರಮಟ್ಟದಿಂದ 754 ಮೀಟರ್ ಎತ್ತರದ ಗಿಸಾಲ್ಲೊ. ಅಲ್ಲಿ ಮೇರಿ ಮಾತೆಯ ಪುಟ್ಟ ಗುಡಿಯಿದೆ. 1949ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಆ ಮಾತೆಯನ್ನು ಸೈಕಲ್ ಸವಾರರ ರಕ್ಷಕಿ ಎಂದು ಘೋಷಿಸಿದರು. ಒಳಗೆ ನಾಲ್ಕಾರು ಬೆಂಚುಗಳು. ಗೋಡೆಯ ತುಂಬ ಹರಕೆಯಂತೆ ಒಪ್ಪಿಸಿದ ಸೈಕಲುಗಳು, ಅಂಗಿಗಳು. ಕೊಪ್ಪಿಯವರ ಸೈಕಲ್ ಅಲ್ಲಿದೆ. ಅದೇ ಸೀಮೆಯ ಹುಡುಗ ಫಾಬಿಯೊ ಕಸಾರ್ತೆಲ್ಲಿ 1995ರ ಫ್ರಾನ್ಸ್ ಸುತ್ತಿನಲ್ಲಿ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡಾಗ ಸವಾರಿ ಮಾಡುತ್ತಿದ್ದ ಸೈಕಲ್ಲೂ, ಬಾಗಿದ ಚೌಕಟ್ಟಿನೊಡನೆ, ಅಲ್ಲೇ ತೂಗುತ್ತಿದೆ. ಗುಡಿಯ ಪಕ್ಕದಲ್ಲಿ 2006ರಲ್ಲಿ ಸೈಕಲ್ ವಸ್ತುಸಂಗ್ರಹಾಲಯವೊಂದು ತೆರೆಯಿತು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ಬೇರಾರೂ ಅಲ್ಲ, ಫಿಯೊರೆಂಜೊ ಮಾನ್ಯಿ. ತಾವು ಬೆನ್ನಟ್ಟಿ ಹಿಡಿದ ಕೊಪ್ಪಿಯವರ ಸೈಕಲ್ ಇರುವ ಗುಡಿಯ ಪಕ್ಕದಲ್ಲೇ ಅವರು ಎಲ್ಲ ಸವಾರರ ನೆನಪಿಗೂ ಮನೆ ಕಟ್ಟಿಸಿದರು. 2012ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಮುಂದಿನ ಅಕ್ಟೋಬರಿನಲ್ಲಿ ಲೊಂಬಾರ್ದಿಯಾ ನೋಡುವಾಗ, ಸವಾರರು ಗಿಸಾಲ್ಲೊ ದಾಟುವುದಿದ್ದರೆ ಆ ಗುಡಿಯ ಗಂಟೆ ಬಾರಿಸುವುದು ನಿಮಗೂ ಕೇಳಿಸುತ್ತದೆ. ಆಗ ನಾಯಕನನ್ನು ಹುಡುಕಬೇಡಿ, ಅವನು ಕೊನೆಯಲ್ಲಿ ಹೇಗೂ ಕಾಣುತ್ತಾನೆ. ಸಾಲಿನ ತೀರ ಮುಂದೆ ಬಾಯಿ ತೆರೆದು, ಅಂಗಿಯ ಜಿಪ್ ಬಿಚ್ಚಿಕೊಂಡು ಎಳೆಯುತ್ತಿರುವವನು ಯಾರು ಎಂದು ನೋಡಿ. ಅವನ ಬೆನ್ನ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಬಂದಾಗ ನನಗೆ ಹೇಳಿ.

ನಮಸ್ಕಾರ.