ಮಹಡಿಗಳ ಲೆಕ್ಕಕ್ಕೆ ಮೊದಲು ನೆಲದ ಲೆಕ್ಕ

ಶ್ರೋತೃಗಳಿಗೆ ನಮಸ್ಕಾರ. ಮುಂಬಯಿಯಲ್ಲೂ ಅದರ ಸುತ್ತಲೂ, ಗೋರೆಗಾಂವ್, ಮುಲುಂಡ್, ಡೊಂಬಿವಲಿಗಳಲ್ಲಿ ನೆಲೆನಿಂತಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಈಗ ಎಡೆಬಿಡದೆ ಕೇಳಿಬರುವ ಮಾತು ರೀಡೆವಲಪ್‌ಮೆಂಟ್, ಎಂದರೆ ಹಳೆಯ ಕಟ್ಟಡ ಕೆಡವಿ ಹೊಸದನ್ನು ಕಟ್ಟುವುದು. ಕಾರ್ಪೆಟ್ ಏರಿಯಾ (ಗೋಡೆಗಳೊಳಗಿನ ಬಳಕೆಯ ಜಾಗ) ಎಷ್ಟು ಸಿಗುತ್ತದೆ, ಬಿಲ್ಡರ್ ಕೊಡುವ ಇಡಿಗಂಟು, ಅಂದರೆ ಕಾರ್ಪಸ್ ಎಷ್ಟು, ಹೊಸ ಕಟ್ಟಡ ಏಳುವತನಕ ಬಾಡಿಗೆ ಎಷ್ಟು ಎಂಬ ಮೂರು ಪ್ರಶ್ನೆಗಳಲ್ಲೇ ಸೊಸೈಟಿಯ ಸಭೆಗಳು ಮುಗಿದುಹೋಗುತ್ತವೆ. ಒಂದು ಎಕರೆಯಲ್ಲಿ ಎಷ್ಟು ಸಂಸಾರಗಳಿರಬೇಕು, ಆ ಎಕರೆಯನ್ನು ಎಷ್ಟು ದೊಡ್ಡ ತುಂಡುಗಳಾಗಿ ಇಟ್ಟುಕೊಳ್ಳಬೇಕು ಎಂಬುದು ಚರ್ಚೆಗೆ ಬರುವುದೇ ಅಪರೂಪ. ನನ್ನ ದೃಷ್ಟಿಯಲ್ಲಿ ಪಟ್ಟು ಹಿಡಿಯಬೇಕಾದದ್ದು ಅಲ್ಲಿ.

ಗೋರೆಗಾಂವ್ ಪಶ್ಚಿಮದ ಮೋತಿಲಾಲ್ ನಗರವನ್ನೇ ನೋಡಿ. ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಈ ಬಡಾವಣೆ ಸುಮಾರು 143 ಎಕರೆಯಷ್ಟಿದ್ದು, ಅಲ್ಲಿರುವುದು ಹೆಚ್ಚುಕಡಿಮೆ 3,700 ಮನೆ-ಅಂಗಡಿಗಳು, ಎಂದರೆ ರಸ್ತೆ ಮೈದಾನಗಳನ್ನೂ ಸೇರಿಸಿ ಎಕರೆಗೆ ಇಪ್ಪತ್ತಾರು. ಬಹುತೇಕ ಮನೆಗಳು ನೆಲಮಟ್ಟದ ಸಾಲುಮನೆಗಳಾಗಿದ್ದವು; ಸಂಸಾರ ಬೆಳೆದಂತೆ ಮುಂದಿನ ಅಂಗಳ ಕೋಣೆಯಾಯಿತು, ಮೇಲೊಂದು ಮಾಳಿಗೆ ಎದ್ದಿತು, ಅದನ್ನು ಹತ್ತಲು ಓಣಿಯ ಕಡೆಗೆ ಕಬ್ಬಿಣದ ಕಡಿದಾದ ಏಣಿಮೆಟ್ಟಿಲು ಬಂತು. ಇಡೀ ಬಡಾವಣೆಯನ್ನು ಒಟ್ಟಾಗಿ ಪುನರ್ನಿರ್ಮಿಸಲು 2025ರಲ್ಲಿ ಬೊಂಬಾಯಿ ಹೈಕೋರ್ಟು ಒಪ್ಪಿಗೆ ನೀಡಿದ್ದು, ಅರ್ಹ ಕುಟುಂಬಕ್ಕೆ 1,600 ಚದರ ಅಡಿಯ ಮನೆ ಎಂಬ ಮಾತಿದೆ. ಸಂತೋಷವೇ. ಆದರೆ ಉಳಿಯುವ ನೆಲದ ಆಕಾರ ಹೇಗಿರುತ್ತದೆ?

ಇಲ್ಲಿ ಎಫ್‌ಎಸ್‌ಐ ಎಂಬ ಅಂಕಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಪ್ಲಾಟಿನ ವಿಸ್ತೀರ್ಣಕ್ಕೂ ಅದರ ಮೇಲೆ ಕಟ್ಟಬಹುದಾದ ಒಟ್ಟು ವಿಸ್ತೀರ್ಣಕ್ಕೂ ಇರುವ ಅನುಪಾತವಷ್ಟೇ ಅದು. 1991ರ ನಿಯಮಗಳಲ್ಲಿ ಉಪನಗರಗಳಿಗೆ ಮೂಲತಃ ಇದ್ದದ್ದು 1. ಈಗ ಮ್ಹಾಡಾ ಬಡಾವಣೆಗಳಿಗೆ 3, ಜಾಗವೂ ರಸ್ತೆಯೂ ವಿಶಾಲವಾಗಿದ್ದರೆ 4. ಇದನ್ನು ಕೇಳಿದವರು ಜನಸಂಖ್ಯೆ ಮೂರು ನಾಲ್ಕು ಪಟ್ಟಾಗುತ್ತದೆಂದು ಗಾಬರಿಯಾಗುತ್ತಾರೆ. ಹಾಗೇನೂ ಆಗಬೇಕಿಲ್ಲ. ಹತ್ತು ಸಾವಿರ ಚದರ ಮೀಟರಿನಲ್ಲಿ ಎಫ್‌ಎಸ್‌ಐ 1 ಇದ್ದು, ಮನೆಯೊಂದಕ್ಕೆ 40 ಚದರ ಮೀಟರು ಹಿಡಿದರೆ 250 ಮನೆಗಳಾಗುತ್ತವೆ. ಅದೇ ನೆಲದಲ್ಲಿ ಎಫ್‌ಎಸ್‌ಐ 3 ಆಗಿ, ಮನೆಗೆ 100 ಚದರ ಮೀಟರಾದರೆ 300 ಮನೆಗಳು. ಕಟ್ಟಡ ಮೂರು ಪಟ್ಟು ಬೆಳೆದರೂ ಹೆಚ್ಚಿದ್ದು ಐವತ್ತು ಸಂಸಾರಗಳು ಮಾತ್ರ. ಆದರೆ ಕಾರುಗಳ ಲೆಕ್ಕ ಬೇರೆ, ಏಕೆಂದರೆ ಪಾರ್ಕಿಂಗಿನ ನಿಯಮ ಮನೆಯ ಗಾತ್ರ ನೋಡಿ ಏರುತ್ತದೆ. ರಸ್ತೆಯನ್ನು ಕಟ್ಟಿಹಾಕುವವರು ನಿಜವಾಗಿ ಯಾರು ಎಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು.

ಸಣ್ಣ ಪ್ಲಾಟುಗಳಲ್ಲೇ ದಟ್ಟವಾಗಿ, ಆದರೂ ನೆಮ್ಮದಿಯಾಗಿ ಬದುಕಬಹುದೆಂಬುದಕ್ಕೆ ಕಾಂದಿವಲಿಯ ಚಾರ್ಕೋಪ್ ಸಾಕ್ಷಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಅಲ್ಲಿ ಕಡಿಮೆ ಆದಾಯದವರಿಗೆ 25ರಿಂದ 40 ಚದರ ಮೀಟರಿನ ಪ್ಲಾಟುಗಳನ್ನು ಹಂಚಲಾಯಿತು. ಮೂವತ್ತೈದರ ಆಸುಪಾಸು ಪ್ಲಾಟುಗಳು ಸೇರಿ ಒಂದು ಸೊಸೈಟಿ, ನಡುವೆ ಎಲ್ಲರದ್ದೂ ಆದ ಅಂಗಳ. ಅಂಗಳಕ್ಕೆ ಲಾರಿ ನುಗ್ಗುವುದಿಲ್ಲ. ಮಕ್ಕಳು ಆಡುತ್ತಾರೆ, ಗಣಪತಿಯ ಮಂಟಪವೂ ಅಲ್ಲೇ ಏಳುತ್ತದೆ. ಕೈಯಲ್ಲಿ ಕಾಸು ಬಂದಾಗ ಒಬ್ಬೊಬ್ಬರೂ ತಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿಕೊಂಡರು.

ಹಾಗೆಂದು ಸಣ್ಣ ಪ್ಲಾಟನ್ನು ಕುರುಡಾಗಿ ಹೊಗಳಲಾರೆ. ಆರುನೂರು ಚದರ ಮೀಟರಿನ ಜಾಗದಲ್ಲಿ ಒಂಟಿಯಾಗಿ ಎದ್ದ ಗೋಪುರಕ್ಕೆ ಕಾರು ಇಳಿಯುವ ಇಳಿಜಾರು ಮಾಡಲು ಜಾಗವಿರುವುದಿಲ್ಲ. ಒಂದರ ಮೇಲೊಂದು ಕಾರು ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್ ಹಾಕುತ್ತಾರೆ, ಅದು ಕೆಟ್ಟು ನಿಂತ ದಿನ ಕಾರುಗಳೆಲ್ಲ ಬೀದಿಗೆ. ಅಗ್ನಿಶಾಮಕ ವಾಹನ ತಿರುಗುವುದೂ ಕಷ್ಟ. ಅಕ್ಕಪಕ್ಕದ ಸೊಸೈಟಿಗಳು ಪ್ಲಾಟುಗಳನ್ನು ಕೂಡಿಸಬೇಕು ಎನ್ನುವವರ ವಾದದಲ್ಲಿ ಈ ಮಟ್ಟಿಗೆ ಹುರುಳಿದೆ.

ಆದರೆ ಕೂಡಿಸುತ್ತಾ ಹೋದರೆ ಎಲ್ಲಿಗೆ ನಿಲ್ಲಿಸಬೇಕು? ಇಪ್ಪತ್ತು ಓಣಿಗಳಿದ್ದ ಕಡೆ ಒಂದೇ ಗೇಟು, ಸುತ್ತ ಗೋಡೆ, ಪಾರ್ಕಿಂಗಿನ ನಾಲ್ಕಾರು ಅಂತಸ್ತುಗಳ ಮೇಲೊಂದು ಉದ್ಯಾನ ಎಂದಾದರೆ ತರಕಾರಿಯ ಗಾಡಿಯವನಿಗೂ, ಸ್ಟೇಷನ್ನಿಗೆ ಅಡ್ಡದಾರಿ ಹಿಡಿಯುವ ಪಕ್ಕದ ಬಡಾವಣೆಯವನಿಗೂ ಅಲ್ಲಿ ದಾರಿಯಿಲ್ಲ. ಮನರಂಜನೆಗೆ ಬಿಡಬೇಕಾದ ಕನಿಷ್ಠ ಮೈದಾನ ನೆಲದ ಮೇಲೆಯೇ ಇರಬೇಕು, ಪೋಡಿಯಂ, ಅಂದರೆ ಪಾರ್ಕಿಂಗ್ ಅಂತಸ್ತುಗಳ ಚಾವಣಿಯ ಮೇಲಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ನನ್ನ ಮಟ್ಟಿಗೆ ಎಕರೆ, ಎರಡೆಕರೆಯ ತುಂಡುಗಳು ಸಾಕು. ಪ್ರತಿ ತುಂಡಿನ ನಾಲ್ಕೂ ಕಡೆ ಗೇಟಿಲ್ಲದ, ಪಾಲಿಕೆಗೆ ಸೇರಿದ ರಸ್ತೆ ಇರಲಿ. ಅದರೊಳಗೆ ಹತ್ತೋ ಹದಿನೈದೋ ಮಹಡಿಗಳಾದರೂ ನನ್ನ ಅಡ್ಡಿಯಿಲ್ಲ.

ಮನೆಗಳು ದೊಡ್ಡವಾಗಿ, ಕಟ್ಟಡದ ಗಾತ್ರಕ್ಕೆ ಹೋಲಿಸಿದರೆ ಸಂಸಾರಗಳು ಕಡಿಮೆಯಾದಾಗ ಲಿಫ್ಟು, ಪಂಪು, ಒಳಚರಂಡಿ ಶುದ್ಧೀಕರಣಗಳ ಖರ್ಚನ್ನು ಹಂಚಿಕೊಳ್ಳುವವರೂ ಕಡಿಮೆಯಾಗುತ್ತಾರೆ. ಮುಂಬಯಿಯಲ್ಲಿ 500 ಚದರ ಅಡಿಯವರೆಗಿನ ಮನೆಗಳಿಗೆ 2022ರಿಂದ ಆಸ್ತಿ ತೆರಿಗೆಯ ವಿನಾಯಿತಿಯಿದೆ. ದೊಡ್ಡ ಮನೆಗೆ ಹೋದವರಿಗೆ ಅದೂ ತಪ್ಪುತ್ತದೆ. ಪಿಂಚಣಿಯ ಮೇಲೆ ಬದುಕುವ ಹಿರಿಯರು ಈ ಹೊರೆ ತಾಳಲಾರದೆ ಮನೆ ಮಾರಿ ದೂರದ ವಿರಾರಿಗೋ ಅಂಬರನಾಥಕ್ಕೋ ಹೊರಟರೆ, ಪುನರ್ನಿರ್ಮಾಣ ನಡೆದದ್ದು ಯಾರಿಗಾಗಿ? ಆದ್ದರಿಂದ ಸೊಸೈಟಿಯ ಸದಸ್ಯರಲ್ಲಿ ಶೇಕಡ 51ರ ಒಪ್ಪಿಗೆ ಪಡೆಯಲು ಕರೆಯುವ ಸಭೆಯಲ್ಲಿ, ಸಹಿಗೆ ಮೊದಲು ಎರಡು ಕಾಗದಗಳನ್ನು ಕೇಳಿ ಪಡೆಯಿರಿ: ಯಾವ ರಸ್ತೆ ಪಾಲಿಕೆಯದು, ಯಾವುದು ಗೇಟಿನ ಒಳಗಿನದು ಎಂದು ಗುರುತಿಸಿದ ನೆಲನಕ್ಷೆ, ಮತ್ತು ಮೊದಲ ಐದು ವರ್ಷಗಳ ತಿಂಗಳ ಮೇಂಟೆನೆನ್ಸ್ ಅಂದಾಜು. ಎರಡೂ ಒಪ್ಪಂದಕ್ಕೆ ಅಂಟಿಕೊಂಡೇ ನೋಂದಣಿಯಾಗಲಿ.