ಗಲ್ಲು ಗಲ್ಲು ಅಂತ ಕೂಗುವ ಮುಂಚೆ, ವಕೀಲ ಯಾರು ಅಂತ ಕೇಳಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಮಂದಿಗೆಲ್ಲ ನಮಸ್ಕಾರ. ಇವತ್ತು ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಇಂಥವರಿಗೆ ವಕೀಲ ಯಾಕೆ? ನೇರ ಹಿಂಡಲಗಾ ಜೈಲಿಗೆ ಕಳಿಸಿ, ಗಲ್ಲಿಗೆ ಹಾಕಿ." ಅದಕ್ಕೆ ಲೈಕ್ ಮೇಲೆ ಲೈಕ್. ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ವಕೀಲ ಯಾಕೆ ಅಂತ ಕೇಳುತ್ತೀರಲ್ಲ, ನಾನು ಉಲ್ಟಾ ಕೇಳುತ್ತೇನೆ. ಈ ದೇಶದಲ್ಲಿ ಗಲ್ಲು ಶಿಕ್ಷೆ ಯಾರಿಗೆ ಆಗುತ್ತದೆ? ಒಳ್ಳೆ ವಕೀಲನನ್ನು ಇಡೋಕೆ ದುಡ್ಡಿಲ್ಲದವನಿಗೆ. ಇದೊಂದೇ ಇವತ್ತಿನ ಮಾತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ಜೈಲು ಜೈಲು ಸುತ್ತಿ, ಗಲ್ಲು ಶಿಕ್ಷೆಯಾದವರನ್ನು ಮಾತಾಡಿಸಿ 2016ರಲ್ಲಿ ವರದಿ ಕೊಟ್ಟರು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಆರ್ಥಿಕವಾಗಿ ತೀರಾ ಕಷ್ಟದಲ್ಲಿದ್ದವರು. ಕಾರಿಟ್ಟವರು, ಬಂಗಲೆ ಇದ್ದವರು ಕೊಲೆ ಮಾಡುವುದೇ ಇಲ್ವಾ?

ಈಗ ಒಂದು ಪ್ರಕರಣ ಹೇಳುತ್ತೇನೆ. ದಯವಿಟ್ಟು ವಿಡಿಯೋ ಮುಂದಕ್ಕೆ ಓಡಿಸಬೇಡಿ, ಪೂರ್ತಿ ಕೇಳಿ. 2003ರ ಜೂನ್. ಮಹಾರಾಷ್ಟ್ರದ ನಾಸಿಕ್ ಜಿಲ್ಲೆ. ಪೇರಲ ತೋಟದ ಗುಡಿಸಲಲ್ಲಿದ್ದ ಒಂದು ಕುಟುಂಬದ ಮೇಲೆ ರಾತ್ರಿ ದಾಳಿ ಆಯಿತು. ಐದು ಜನ ಸತ್ತರು. 15 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿ ಕೊಂದರು. ಕೇಳಿದರೆ ಕರುಳು ಕಿತ್ತು ಬರುತ್ತದೆ. ಆರು ಜನರನ್ನು ಹಿಡಿದರು. ಎಲ್ಲರೂ ಅಲೆಮಾರಿ ಸಮುದಾಯದವರು, ಕೂಲಿ ಮಾಡುವವರು. ಕೆಳಗಿನ ಕೋರ್ಟ್ ಆರೂ ಜನಕ್ಕೆ ಗಲ್ಲು ಅಂದಿತು. ಹೈಕೋರ್ಟ್ ಮೂವರಿಗೆ ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್, "ಇಲ್ಲ, ಆರೂ ಜನಕ್ಕೆ ಗಲ್ಲೇ" ಅಂದಿತು.

ಆವತ್ತು ಈ ಕಾಮೆಂಟ್ ಬರೆದವರು ಇದ್ದಿದ್ದರೆ ಸಿಹಿ ಹಂಚುತ್ತಿದ್ದರು. ಆಮೇಲೆ ಏನಾಯಿತು ಗೊತ್ತಾ? 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಜನ ನಿರ್ದೋಷಿಗಳು ಅಂತ ಬಿಡುಗಡೆ ಮಾಡಿತು. ಅವರಲ್ಲಿ ಒಬ್ಬ, ಕೊಲೆ ನಡೆದಾಗ ಬಾಲಕ! ಬದುಕುಳಿದ ಆ ತಾಯಿ ಘಟನೆಯಾದ ಎರಡೇ ದಿನಕ್ಕೆ ಪೊಲೀಸರ ಫೋಟೋ ಆಲ್ಬಂ ನೋಡಿ ಬೇರೆ ನಾಲ್ಕು ಜನರನ್ನು ಗುರುತಿಸಿದ್ದಳು. ಆ ನಾಲ್ವರನ್ನು ಯಾರೂ ಹಿಡಿಯಲಿಲ್ಲ. ಅದು ಪೊಲೀಸರ ಕಾಗದದಲ್ಲೇ ಇತ್ತು! ಯಾರಾದರೂ ಒಬ್ಬ ವಕೀಲ ಶುರುವಿನಲ್ಲೇ ಅದನ್ನು ಎತ್ತಿ ಹಿಡಿದು, ಬಿಡದೆ ಕಾದಾಡಿ ಗೆದ್ದಿದ್ದರೆ 16 ವರ್ಷ ಹಾಳಾಗುತ್ತಿತ್ತಾ? ತಲೆಗೆ ಐದೈದು ಲಕ್ಷ ಪರಿಹಾರ ಕೊಡಿ ಅಂತ ಕೋರ್ಟ್ ಹೇಳಿತು. ಜೀವ ಇತ್ತು, ಹಾಗಾಗಿ ಪರಿಹಾರದ ಮಾತಾದರೂ ಬಂತು. 2010ರಲ್ಲೇ ನೇಣಿಗೆ ಹಾಕಿದ್ದರೆ ಐದು ಲಕ್ಷ ಯಾರಿಗೆ ಕೊಡುತ್ತಿದ್ದಿರಿ?

ಇದು ಮಹಾರಾಷ್ಟ್ರದ ಕತೆ, ನಮಗೇನು ಅನ್ನಬೇಡಿ. ನಮ್ಮ ಊರಿಗೇ ಬರೋಣ. 2020ರ ಫೆಬ್ರವರಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಾದ ಮಾಡಬಾರದು ಅಂತ ಹುಬ್ಬಳ್ಳಿ ವಕೀಲರ ಸಂಘವೇ ನಿರ್ಣಯ ಮಾಡಿತ್ತು. ಹೈಕೋರ್ಟ್ ತರಾಟೆಗೆ ತೆಗೆದುಕೊಂಡಿತು. ಇಂಥ ನಿರ್ಣಯ ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಅದು ಗಲ್ಲಿನ ಪ್ರಕರಣವಲ್ಲ, ಸರಿ. ಆದರೆ ಊರಿಗೆ ಸಿಟ್ಟು ಬಂದಾಗ ಮೊದಲು ಕಿತ್ತುಕೊಳ್ಳುವುದು ವಕೀಲನನ್ನೇ. ನೋಡಿದಿರಲ್ಲ?

ಈಗ ನಿಮ್ಮ ಪ್ರಶ್ನೆಗಳು. ಮೊದಲನೆಯದು ಗೊತ್ತೇ ಇದೆ. "ನಿನ್ನ ಮನೆ ಮಗಳಾಗಿದ್ದರೆ?" ನನ್ನ ಮನೆ ಮಗಳಾಗಿದ್ದರೆ ನಾನೇ ಕೊಡಲಿ ಹಿಡಿದು ಹೋಗುತ್ತಿದ್ದೆ. ಅದಕ್ಕೇ ನನ್ನನ್ನು ಜಡ್ಜ್ ಕುರ್ಚಿ ಮೇಲೆ ಕೂರಿಸುವುದಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ಊರಿನ ಕಾಲೇಜು ಆವರಣದಲ್ಲೇ ಒಂದು ಹುಡುಗಿಯ ಕೊಲೆ ಆಯಿತು. ತಿಂಗಳು ತುಂಬುವಷ್ಟರಲ್ಲಿ ವೀರಾಪುರ ಓಣಿಯಲ್ಲಿ ಇನ್ನೊಂದು. ಊರು ಊರೇ ಬೀದಿಗಿಳಿಯಿತು. ನನಗೂ ಹೊಟ್ಟೆ ಉರಿದಿದೆ, ಇವತ್ತಿಗೂ ಉರಿಯುತ್ತದೆ. ಹೊಟ್ಟೆ ಉರಿದಾಗ ಹಿಡಿದವನೇ ಕಳ್ಳ ಅನಿಸುತ್ತದೆ. ಅಲ್ಲೇ ಇರುವುದು ಅಪಾಯ.

"ಕಸಬ್‌ಗೆ ಬಿರಿಯಾನಿ ತಿನ್ನಿಸಿದರು" ಅಂತ ಇನ್ನೊಬ್ಬರು. ಅಯ್ಯೋ! ಆ ಬಿರಿಯಾನಿ ಕತೆ ತಾನೇ ಕಟ್ಟಿದ್ದು ಅಂತ ಸರ್ಕಾರಿ ವಕೀಲ ಉಜ್ವಲ್ ನಿಕಮ್ ಅವರೇ 2015ರಲ್ಲಿ ಒಪ್ಪಿಕೊಂಡರು. ನೀವು ಇನ್ನೂ ಅದನ್ನೇ ಫಾರ್ವರ್ಡ್ ಮಾಡುತ್ತಿದ್ದೀರಿ. ಕಸಬ್‌ಗೂ ವಕೀಲ ಕೊಟ್ಟರು, ಸುಪ್ರೀಂ ಕೋರ್ಟ್ ತನಕ ಕೊಟ್ಟರು. ಅದು ಈ ದೇಶದ ತಾಕತ್ತು. ಅದನ್ನು ದೌರ್ಬಲ್ಯ ಅನ್ನುತ್ತೀರಲ್ಲ, ನಾಚಿಕೆ ಆಗಬೇಕು.

"ಹಾಗಾದರೆ ಗದಗದ ತೀರ್ಪಿಗೆ ಏನಂತೀರಿ?" ಕೇಳಲೇಬೇಕಾದ ಪ್ರಶ್ನೆ. ಜಾತಿ ಮೀರಿ ಮದುವೆಯಾಗಿದ್ದ ಲಕ್ಕಲಕಟ್ಟಿಯ ಜೋಡಿಯನ್ನು 2019ರಲ್ಲಿ ಕೊಂದರು. 2025ರ ಜನವರಿಯಲ್ಲಿ ಗದಗ ಕೋರ್ಟ್ ನಾಲ್ವರಿಗೆ ಗಲ್ಲು ಕೊಟ್ಟಿತು. ಅಂಥ ಕೊಲೆ ಮಾಡಿದವರು ಹೊರಗೆ ಕಾಲಿಡಬಾರದು ಅನ್ನುವವರಲ್ಲಿ ನಾನೇ ಮೊದಲಿಗ. ಅದಕ್ಕೆ ಹಗ್ಗವೇ ಬೇಕಾ? 2008ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿದೆ: ಗಲ್ಲು ಬೇಡ, ಉಸಿರಿರುವ ತನಕ ಜೈಲು, ಬಿಡುಗಡೆ ಮಾತೇ ಇಲ್ಲ. ನಾಳೆ ತಪ್ಪು ಅಂತ ಗೊತ್ತಾದರೆ ಬೀಗ ತೆಗೆಯಬಹುದು. ಹೈಕೋರ್ಟ್ ಒಪ್ಪುವ ತನಕ ಕೆಳಗಿನ ಕೋರ್ಟಿನ ಗಲ್ಲು ಜಾರಿ ಆಗುವಂತಿಲ್ಲ ಅಂತ ಕಾನೂನು ಇಟ್ಟಿದ್ದು ಸುಮ್ನೆ ಅಲ್ಲ. ಗದಗದ ಕಡತವಾದರೆ ನಮ್ಮ ಧಾರವಾಡ ಪೀಠಕ್ಕೇ ಬರುತ್ತದೆ. ಆ ಮೆಟ್ಟಿಲೂ ಬೇಡ ಅನ್ನುತ್ತೀರಾ?

ಕೋರ್ಟಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಇದ್ದಾನೆ. ಸರ್ಕಾರದ ಖರ್ಚಿನಲ್ಲಿ ಬಡವರ ಪರ ನಿಲ್ಲುತ್ತಾನೆ. ಒಮ್ಮೆ ಬೆಳಿಗ್ಗೆ ಹತ್ತಕ್ಕೆ ಅವನ ಕೈಗೆ ಫೈಲ್ ಬಂತು, ಹನ್ನೊಂದಕ್ಕೆ ಸಾಕ್ಷಿಯ ಪಾಟೀಸವಾಲು. ಆರೋಪಿಯ ಮುಖ ಅವನು ಮೊದಲು ನೋಡಿದ್ದೇ ಕಟಕಟೆಯಲ್ಲಿ. ಅವನು ಒಳ್ಳೆಯವನು, ಶ್ರಮಜೀವಿ. ಆದರೆ ಒಂದು ಗಂಟೆಯಲ್ಲಿ ಯಾರು ತಾನೇ ಏನು ಮಾಡಲು ಸಾಧ್ಯ? ಲಕ್ಷ ಲಕ್ಷ ಕೊಟ್ಟವನ ವಕೀಲ ತಿಂಗಳುಗಟ್ಟಲೆ ಅದೇ ಫೈಲ್ ಅರೆದು ಕುಡಿದಿರುತ್ತಾನೆ. ಇದು ನ್ಯಾಯಾನಾ? ಕೇಳ್ತೀನಿ, ಇದು ನ್ಯಾಯಾನಾ?

ಅಂದಹಾಗೆ, ಇಲ್ಲಿ ತನಕ ನೋಡಿದವರು ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಬೈಯೋಕೆ ಬಂದವರೂ ಮಾಡಿ. ನಮ್ಮ ಭಾಗದ ವಿಷಯ ನಮ್ಮ ಕನ್ನಡದಲ್ಲಿ ಮಾತಾಡುವ ಚಾನೆಲ್ ಉಳಿಯಬೇಕು.

"ಭಯ ಇರಬೇಕು" ಅನ್ನುವವರಿಗೆ ಒಂದೇ ಮಾತು. 2004ರಲ್ಲಿ ಕೋಲ್ಕತ್ತಾದಲ್ಲಿ ಒಬ್ಬನನ್ನು ನೇಣಿಗೆ ಹಾಕಿದರು. 2020ರ ಮಾರ್ಚ್ 20ರಂದು ತಿಹಾರ್‌ನಲ್ಲಿ ಒಟ್ಟಿಗೆ ನಾಲ್ವರನ್ನು ಹಾಕಿದರು. ಕೊಲೆ, ಅತ್ಯಾಚಾರ ನಿಂತವಾ? ಪೇಪರ್ ತೆರೆದು ನೋಡಿ. ನಾನಂತೂ ಈ ವಾದ ಜಾಸ್ತಿ ಎಳೆಯುವುದಿಲ್ಲ. ನನ್ನ ಪ್ರಶ್ನೆ ಒಂದೇ, ವಕೀಲ ಯಾರು? ದುಡ್ಡು ಎಷ್ಟಿತ್ತು? ಇದಕ್ಕೆ ಉತ್ತರ ಕೊಡದೆ ಗಲ್ಲು ಅನ್ನಬೇಡಿ. ನನ್ನ ಕಾಮೆಂಟ್ ಬಾಕ್ಸಿನಲ್ಲಂತೂ ಅನ್ನಬೇಡಿ!

ಮುಂದಿನ ಸಂಚಿಕೆಗೆ ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗ ಹುಡುಗಿಯರು ಬೇಕು. ಉಚಿತ ಕಾನೂನು ನೆರವಿನ ಕೆಲಸ ಮಾಡಿದವರಾಗಿದ್ದರೆ ಇನ್ನೂ ಒಳ್ಳೆಯದು. ಕೆಳಗೆ ಬರೆಯಿರಿ, ಮೈಕ್ ನಿಮ್ಮ ಕೈಗೇ ಕೊಡುತ್ತೇನೆ.